ಷಡಕ್ಷರಪ್ಪನನ್ನು ಅಟ್ಟದಿಂದ ಇಳಿಸಿದ್ದು

"ತಲೆ, ತಲೆ! ತಲೆ ನೋಡ್ಕಳ್ರೋ!"

ಏಣಿಯ ಬುಡದಲ್ಲಿ ನಿಂತಿದ್ದ ಜಂಬಣ್ಣ ಕೂಗಿದ. ಮೇಲಿದ್ದ ಮೂವರು ಷಡಕ್ಷರಪ್ಪನ ಹೆಣವನ್ನು ಮತ್ತೆ ಅಟ್ಟದೊಳಕ್ಕೆ ಎಳೆದುಕೊಂಡರು. ಕಂಡಿಯ ಚೌಕಟ್ಟಿಗೆ ತಾಗಿ ಹಣೆಯ ವಿಭೂತಿ ಒಂದು ಕಡೆ ಅಳಿಸಿಹೋಗಿತ್ತು.

"ಓರೆ ಮಾಡಿ ಬಿಡಿ."

"ಮಾಡಿದ್ವಿ. ಮಂಡಿ ಸಿಕ್ಕಾಕ್ಕಳತ್ತೆ."

"ಹಂಗಾರೆ ಕಾಲು ಮೊದಲು ಬಿಡಿ."

"ಕಾಲೆಲ್ಲಿದೆ ಬಿಡೋಕೆ? ಚಕ್ಕಳಮಕ್ಕಳ ಹಾಕ್ಕೊಂಡು ಕೂತಿದಾನೆ ಮಾರಾಯ. ನೀನೇ ಹತ್ತಿ ಬಂದು ನೋಡು."

ಜಂಬಣ್ಣ ಹತ್ತಿ ಬರಲಿಲ್ಲ. ಅವನು ಸತ್ತವನ ಸೋದರಮಾವನ ಮಗ. ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡುವವನು. ಕೆಲಸ ಮಾಡಿದ್ದನ್ನು ಯಾರೂ ನೋಡಿರಲಿಲ್ಲ.

ಷಡಕ್ಷರಪ್ಪ ತೀರಿಕೊಂಡದ್ದು ಆ ದಿನ ಬೆಳಗಿಗೆ. ಅವನು ಮಲಗುತ್ತಿದ್ದದ್ದು, ಚಿತ್ರ ಬರೆಯುತ್ತಿದ್ದದ್ದು, ಏಕತಾರಿ ನುಡಿಸುತ್ತಿದ್ದದ್ದು ಎಲ್ಲ ಆ ಅಟ್ಟದಲ್ಲೇ. ಹೆಂಡತಿ ಕಲ್ಲಮ್ಮ ಕಾಫಿ ತೆಗೆದುಕೊಂಡು ಹತ್ತಿದಾಗ ಗೋಡೆಗೊರಗಿ ಕೂತಿದ್ದ, ಬಾಯಿ ತೆರೆದಿತ್ತು, ಮೈ ಇನ್ನೂ ಬೆಚ್ಚಗಿತ್ತು. ಆಮೇಲೆ ಅಯ್ಯನವರು ಬಂದರು. "ಬೇಸಿಗೆ ದಿನ, ಮೈ ಸೆಟೆದುಕೊಂಡರೆ ಆಮೇಲೆ ಕೂರಿಸೋಕೆ ಆಗಲ್ಲ, ಬೇಗ ಕೂರಿಸಿಬಿಡಿ" ಎಂದರು. ಅವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಪೂಜೆಗೆ ಕೂತಂತೆ ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ಹಾಗೇ ಹೊತ್ತೊಯ್ದು, ಹಾಗೇ ಮಣ್ಣು ಮಾಡುತ್ತಾರೆ. ಎಲ್ಲಿ ಕೂರಿಸುವುದು ಎಂಬ ಮಾತು ಬಂತು. ಷಡಕ್ಷರಪ್ಪನ ಅಣ್ಣ ಗಂಗಾಧರಪ್ಪ ಅಂಗಳದಿಂದಲೇ ಹೇಳಿದ: "ಕೆಳಗೆ ಅಂಗಡಿ ಸರಕು ಹರಡಿದೆ. ಅಲ್ಲೇ ಕೂರಿಸಿ. ಶಿವಮೊಗ್ಗದ ನೆಂಟರು ಬಂದ್ಮೇಲೆ ಇಳಿಸಿ ಸ್ನಾನ ಮಾಡಿಸಿದ್ರಾಯ್ತು."

ಅಲ್ಲೇ ಕೂರಿಸಿದರು. ಒದ್ದೆ ಬಟ್ಟೆಯಲ್ಲಿ ಮೈಯೊರೆಸಿ, ವಿಭೂತಿ ಹಚ್ಚಿ, ಕಾಲು ಮಡಿಸಿ, ಬೆನ್ನಿಗೆ ಹಲಗೆ ಕೊಟ್ಟು ಬಟ್ಟೆಯಲ್ಲಿ ಬಿಗಿದರು. ಅಟ್ಟದ ಕಂಡಿ ಎಷ್ಟು ಅಗಲವಿದೆ ಎಂದು ಒಬ್ಬನೂ ನೋಡಲಿಲ್ಲ. ನೋಡಿದವರಿದ್ದರೂ ಬಾಯಿಬಿಡಲಿಲ್ಲ. ಆ ಮನೆಯಲ್ಲಿ ಗಂಗಾಧರಪ್ಪ ಒಂದು ಮಾತು ಹೇಳಿದ ಮೇಲೆ ಇನ್ನೊಬ್ಬರು ಯೋಚನೆ ಮಾಡುವ ರೂಢಿಯೇ ಇರಲಿಲ್ಲ.

ಈಗ ಮಧ್ಯಾಹ್ನ. ಹಂಚಿನ ಕೆಳಗೆ ಅಟ್ಟ ಒಲೆಯ ಹಾಗೆ ಕಾದಿತ್ತು. ಮೈ ಮರದ ಹಾಗೆ ಸೆಟೆದಿತ್ತು. ಒಬ್ಬ ಮನುಷ್ಯ ಮೈ ಓರೆ ಮಾಡಿಕೊಂಡು ಹತ್ತುವಷ್ಟೇ ಇದ್ದ ಕಂಡಿ. ಅದರ ಎರಡು ಮಗ್ಗುಲಲ್ಲೂ ಇಡೀ ಮನೆಯ ಭಾರ ಹೊತ್ತ ತೊಲೆಗಳು.

"ತೊಲೆ ಕೊಯ್ಯೋಣ" ಎಂದ ಒಬ್ಬ ನೆಂಟ.

"ಕೊಯ್ದರೆ ಮನೆ ಮಾಡೇ ಇಳೀತದೆ. ಆಮೇಲೆ ಎಲ್ರನ್ನೂ ಒಟ್ಟಿಗೇ ಮಣ್ಣು ಮಾಡಬೌದು" ಎಂದ ಹೂವಪ್ಪ. ಅವನು ಗಾರೆ ಕೆಲಸದವನು.

"ಹೆಂಚು ತೆಗೆದು ಮೇಲಿಂದ ಎತ್ತಿದ್ರೆ?"

"ಮೇಲಕ್ಕೆತ್ತಿ ಎಲ್ಲಿಗೆ ಕಳಿಸ್ತೀಯ, ಸೀದಾ ಕೈಲಾಸಕ್ಕಾ?"

ಯಾರೋ ನಕ್ಕರು. ಸಾವಿನ ಮನೆಯೆಂಬುದು ನೆನಪಾಗಿ ಕೆಮ್ಮಿದರು. ಅಯ್ಯನವರು ಅಂಗಳದಲ್ಲಿ ನೆರಳನ್ನು ನೋಡಿ, "ಹೊತ್ತು ಮುಳುಗೋದ್ರೊಳಗೆ ಮಣ್ಣಾಗಬೇಕು. ಇನ್ನೊಂದು ದಿನ ಈ ಸೆಕೆಗೆ ಇಡೋಕಾಗಲ್ಲ" ಎಂದರು.

ಆಗ ಜಂಬಣ್ಣ ಧ್ವನಿ ತಗ್ಗಿಸಿ ಗಂಗಾಧರಪ್ಪನಿಗೆ ಹೇಳಿದ: "ಒಂದೇ ದಾರಿ ಭಾವ. ಮಂಡಿ ಮುರಿದುಬಿಡೋದು. ಸತ್ತವನಿಗೆ ನೋವಾಗತ್ತಾ? ಕಾಲು ನೀಡಿಸಿ ಇಳಿಸಿ, ಕೆಳಗೆ ಮತ್ತೆ ಮಡಿಸಿ ಕಟ್ಟಿದ್ರಾಯ್ತು. ಮೇಲೆ ಶಾಲು ಹೊದಿಸಿದ್ರೆ ಯಾರಿಗೆ ಕಾಣತ್ತೆ?"

ಗಂಗಾಧರಪ್ಪ ಹೂಂ ಅನ್ನಲಿಲ್ಲ. ಬೇಡವೆನ್ನಲೂ ಇಲ್ಲ.

ಅಡಿಗೆಮನೆಯ ಬಾಗಿಲ ಹಿಂದೆ ಹೆಂಗಸರ ನಡುವೆ ಕೂತಿದ್ದ ಕಲ್ಲಮ್ಮನಿಗೆ ಅದು ಕೇಳಿಸಿತು. ತಗ್ಗಿದ ಧ್ವನಿಯಲ್ಲೂ ಜಂಬಣ್ಣ ಬೀದಿಗೆ ಕೇಳುವಂತೆಯೇ ಮಾತಾಡುತ್ತಿದ್ದ. ಕಲ್ಲಮ್ಮ ಪಕ್ಕದಲ್ಲಿದ್ದ ಓರಗಿತ್ತಿ ಈಶ್ವರಮ್ಮನ ಕೈ ಹಿಡಿದಳು.

"ಅಕ್ಕ, ಬೇಡ ಅನ್ನಿ. ಭಾವನಿಗೆ ಹೇಳಿ, ಬೇಡ ಅನ್ನಿ."

ಈಶ್ವರಮ್ಮ ಎದ್ದು ಬಾಗಿಲವರೆಗೆ ಹೋದಳು. ಗಂಡನ ಮುಖ ನೋಡಿದಳು. ವಾಪಸು ಬಂದು ಕೂತಳು.

"ಯೋಚನೆ ಮಾಡ್ತಿದಾರೆ ಕಣೇ" ಎಂದಳು.

ಕಲ್ಲಮ್ಮ ತಾನೇ ಹೇಳುವ ಹಾಗಿರಲಿಲ್ಲ. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಅವಳು ಗಂಡನ ಅಣ್ಣನೊಂದಿಗೆ ನೇರವಾಗಿ ಒಂದು ಮಾತು ಆಡಿದವಳಲ್ಲ. ಅವನು ಬಂದರೆ ಸೆರಗು ಎಳೆದುಕೊಂಡು ಬಾಗಿಲ ಮರೆಗೆ ಹೋಗುವುದು. ಅವನಿಗೂ ಅವಳಲ್ಲಿ ಮಾತಿಲ್ಲ. ಏನಿದ್ದರೂ "ಒಳಗೆ ಹೇಳಿ" ಎಂದು ಗಾಳಿಗೆ ಹೇಳುತ್ತಿದ್ದ. ಹಾಗಂತ ಯಾರೂ ಕಾನೂನು ಮಾಡಿರಲಿಲ್ಲ. ಹಾಗೇ ನಡೆದುಬಂದಿತ್ತು.

*

ಆ ಅಟ್ಟಕ್ಕೆ ಮೊದಲು ಬೀದಿಯ ಕಡೆ ಒಂದು ದೊಡ್ಡ ಕಿಟಕಿ ಇತ್ತು. ಭದ್ರಾವತಿಯ ಓಲ್ಡ್ ಟೌನಿನ ಆ ಬೀದಿಯಲ್ಲಿ ಯಾರು ಬಂದರು, ಯಾರು ಯಾರೊಡನೆ ಜಗಳವಾಡಿದರು, ಶಿವಮೊಗ್ಗದ ಬಸ್ಸಿನಿಂದ ಯಾರು ಇಳಿದರು, ಎಲ್ಲ ಅಲ್ಲಿಂದ ಕಾಣುತ್ತಿತ್ತು. ಷಡಕ್ಷರಪ್ಪ ಅಲ್ಲಿ ಕೂತು ಅವರನ್ನೇ ಬರೆಯುತ್ತಿದ್ದ. ಹೊಟ್ಟೆ ಇದ್ದವನ ಹೊಟ್ಟೆಯನ್ನು ಇನ್ನಷ್ಟು ದೊಡ್ಡದು ಮಾಡುತ್ತಿದ್ದ, ಜುಗ್ಗನ ಕೈಬೆರಳುಗಳನ್ನು ಬೇರಿನ ಹಾಗೆ ಬರೆಯುತ್ತಿದ್ದ. ಅವನ ಗೆಳೆಯ ಶಂಕರನಾರಾಯಣ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಪ್ರೆಸ್ ಇಟ್ಟು ಒಂದು ವಾರಪತ್ರಿಕೆ ನಡೆಸುತ್ತಿದ್ದ. ಅದರಲ್ಲಿ ಆ ಚಿತ್ರಗಳು ಬರುತ್ತಿದ್ದವು.

ಕಲ್ಲಮ್ಮ ಮನೆಗೆ ಬಂದ ಎರಡನೇ ವರ್ಷ ಒಂದು ಚಿತ್ರ ಬಂತು. ಊಟಕ್ಕೆ ಮನೆಮಂದಿಯೆಲ್ಲ ಸಾಲಾಗಿ ಕೂತಿದ್ದಾರೆ. ಎಲೆ ಇರುವುದು ಯಜಮಾನನ ಮುಂದೆ ಮಾತ್ರ. ಅವನು ಉಣ್ಣುತ್ತಿದ್ದಾನೆ, ಸಾಲಿನಲ್ಲಿ ಕೂತ ಉಳಿದವರೆಲ್ಲ ಹೊಟ್ಟೆ ಸವರಿಕೊಂಡು ತೇಗುತ್ತಿದ್ದಾರೆ. ಕೆಳಗೆ 'ಒಟ್ಟು ಕುಟುಂಬ' ಎಂದು ಬರೆದಿತ್ತು.

ಯಜಮಾನನ ರುಮಾಲು ಎಡಕ್ಕೆ ವಾಲಿತ್ತು. ಮೂಗಿನ ಮೇಲೊಂದು ನರಹುಲಿ ಇತ್ತು. ಓಲ್ಡ್ ಟೌನಿನಲ್ಲಿ ಅಂಥ ರುಮಾಲು, ಅಂಥ ಮೂಗು ಒಂದೇ ಇದ್ದದ್ದು.

ಗಂಗಾಧರಪ್ಪ ಪತ್ರಿಕೆಯನ್ನು ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದ. ತಮ್ಮನನ್ನು ಕರೆದ.

"ಇದು ಯಾರೋ?"

"ಯಾರೂ ಅಲ್ಲ ಅಣ್ಣ. ಸುಮ್ನೆ."

"ಮೂಗು ಚೆನ್ನಾಗಿ ಬಂದಿದೆ."

ಅಷ್ಟೇ. ಬೈಯಲಿಲ್ಲ, ಹೊಡೆಯಲಿಲ್ಲ. ಅಪ್ಪ ಸತ್ತಾಗ ಎಂಟು ವರ್ಷದವನಿದ್ದ ತಮ್ಮನನ್ನು ಹೆಗಲ ಮೇಲೆ ಹೊತ್ತು ಸಾಕಿದವನು ಗಂಗಾಧರಪ್ಪ. ಕೈ ಮಾಡಿದವನೇ ಅಲ್ಲ. ಕೈ ಮಾಡಿದ್ದರೆ ಷಡಕ್ಷರಪ್ಪ ತಿರುಗಿ ಬೀಳುತ್ತಿದ್ದನೋ ಏನೋ. ಮಾರನೇ ದಿನ ಹೂವಪ್ಪ ಒಂದು ಗಾಡಿ ಇಟ್ಟಿಗೆ ತಂದು ಇಳಿಸಿದ. "ಬೀದಿ ನೋಡ್ಕೊಂಡು ಕೂತ್ರೆ ತಲೆ ಹಾಳಾಗತ್ತೆ, ಮುಚ್ಚಿಸ್ತಿದೀನಿ" ಎಂದ ಗಂಗಾಧರಪ್ಪ. ಹೂವಪ್ಪನ ಜೊತೆ ಆಳು ಬಂದಿರಲಿಲ್ಲ. "ಇಟ್ಟಿಗೆ ನೀನೇ ಕೊಡು" ಎಂದ ತಮ್ಮನಿಗೆ.

ಷಡಕ್ಷರಪ್ಪ ಕೊಟ್ಟ. ಒಂದೊಂದೇ ಇಟ್ಟಿಗೆ ಎತ್ತಿ ಕೊಟ್ಟ, ಹೂವಪ್ಪ ಇಟ್ಟ. ಅಟ್ಟದಲ್ಲಿ ಕತ್ತಲು ಮೊಣಕಾಲಿಂದ ಸೊಂಟಕ್ಕೆ, ಸೊಂಟದಿಂದ ಕುತ್ತಿಗೆಗೆ ಏರುತ್ತ ಹೋಯಿತು. ಹೂವಪ್ಪನಿಗೆ ಕರಣೆ ಹಿಡಿದರೆ ಹಾಡುವ ಅಭ್ಯಾಸ. ಅವನಜ್ಜ ದೀಪಾವಳಿಗೆ ದೀಪ ಹೊತ್ತು ಮನೆಮನೆಗೆ ಹೋಗಿ ಅಂಟಿಕೆ ಪಂಟಿಕೆ ಹಾಡುತ್ತಿದ್ದನಂತೆ, ಆ ಹಾಡುಗಳನ್ನೇ ಹಾಡುತ್ತಿದ್ದ. ಕೊನೆಯ ಸಾಲು ಇಡುವಾಗ ಷಡಕ್ಷರಪ್ಪ ಇಟ್ಟಿಗೆ ಕೈಯಲ್ಲಿಟ್ಟುಕೊಂಡು ನಿಂತುಬಿಟ್ಟ. ಬೀದಿಯ ಸದ್ದು ಪೂರ್ತಿ ನಿಂತುಹೋಗಿ, ಆ ಕತ್ತಲಲ್ಲಿ ಹೂವಪ್ಪನ ಧ್ವನಿ ಬೇರೆಯೇ ಆಗಿತ್ತು. ಮಡಕೆಯೊಳಗೆ ಬಾಯಿಟ್ಟು ಹಾಡಿದಂತೆ ದಪ್ಪಗೆ, ಹತ್ತಿರದಲ್ಲಿ.

"ಇನ್ನೊಂದ್ಸಲ ಹಾಡು" ಎಂದ.

"ಇಟ್ಟಿಗೆ ಕೊಡಿ ಸಣ್ಣೆಜಮಾನ್ರೆ. ಕೆಳಗೆ ನಿಮ್ಮಣ್ಣ ನಿಂತಿದಾರೆ."

ಕೊನೆಯ ಇಟ್ಟಿಗೆ ಕೊಟ್ಟದ್ದೂ ಷಡಕ್ಷರಪ್ಪನೇ.

*

ಮೂರು ಗಂಟೆಯ ಸುಮಾರಿಗೆ ಶಂಕರನಾರಾಯಣ ಶಿವಮೊಗ್ಗದಿಂದ ಬಂದ. ಕೈಯಲ್ಲಿ ಬಾಡಿದ ಸುಗಂಧರಾಜದ ಹಾರ, ಬೆರಳುಗಳಲ್ಲಿ ಇನ್ನೂ ಮಸಿ. ಏಣಿ ಹತ್ತಿ ಅಟ್ಟದಲ್ಲಿ ತಲೆ ಹಾಕಿ ಗೆಳೆಯನನ್ನು ನೋಡಿದ. ಹಾರ ಹಾಕಿದ. ಇಳಿದು ಬಂದು ಅಂಗಳದಲ್ಲಿ ನಿಂತ.

"ಯಾಕಿನ್ನೂ ಇಳಿಸಿಲ್ಲ?"

ಜಂಬಣ್ಣ ವಿವರಿಸಿದ. ಮಂಡಿಯ ವಿಷಯವನ್ನೂ ಹೇಳಿದ, ಬಾಗಿಲಿನ ಅಗಳಿಯ ವಿಷಯ ಹೇಳುವ ಹಾಗೆ.

"ಅಲ್ಲಯ್ಯ, ನಿಮಗೇನು ತಲೆ ಕೆಟ್ಟಿದೆಯಾ?" ಎಂದ ಶಂಕರನಾರಾಯಣ. "ಬೀದಿ ಕಡೆ ಕಿಟಕಿ ಇತ್ತಲ್ಲ ಅದಕ್ಕೆ! ಇಟ್ಟಿಗೆ ತೆಗೆಸಿ. ಹಗ್ಗ ಕಟ್ಟಿ ಇಳಿಸಿ. ಅಷ್ಟು ಅಗಲದ ಕಿಟಕಿ, ಆರಾಮಾಗಿ ಬರ್ತಾನೆ."

ಹಾಗೆ ನೋಡಿದರೆ ಅದು ಎಲ್ಲರಿಗೂ ಆಗಲೇ ಹೊಳೆದಿತ್ತು. ಹೂವಪ್ಪ ನೆಲ ನೋಡಿದ.

ಗಂಗಾಧರಪ್ಪ ಕಂಬಕ್ಕೊರಗಿ ಕೂತಿದ್ದ. "ಆಗಲ್ಲ ಸ್ವಾಮಿ" ಎಂದ.

"ಯಾಕಾಗಲ್ಲ?"

"ನಮ್ಮನೆ ಮಗನ್ನ ಮೂಟೆ ಇಳಿಸಿದ ಹಾಗೆ ಬೀದಿ ಮೇಲೆ ಇಳಿಸೋದಾ? ಎಲ್ರ ಕಣ್ಣೆದುರಿಗೆ? ಊರು ನಗತ್ತೆ."

"ಮಂಡಿ ಮುರಿದ್ರೆ ನಗಲ್ವಾ?"

"ಅದು ಒಳಗೆ ಆಗೋದು."

ಶಂಕರನಾರಾಯಣನ ಮುಖ ಕೆಂಪಗಾಯಿತು. "ಎಲ್ಲಾ ಒಳಗೇ ಆಯ್ತಲ್ಲ ಗಂಗಾಧರಪ್ನೋರೆ. ಅವನ ಜೀವಮಾನ ಪೂರ್ತಿ ಒಳಗೇ ಆಯ್ತು. ಇನ್ನೂ ಸಾಲದಾ?"

"ನಿಮ್ಮ ಪೇಪರಿನಿಂದಲೇ ಆಗಿದ್ದು ಇದೆಲ್ಲ" ಎಂದ ಜಂಬಣ್ಣ ಮಧ್ಯೆ ಬಾಯಿ ಹಾಕಿ. "ನೀವು ಅಚ್ಚು ಹಾಕದೇ ಇದ್ದಿದ್ರೆ ಕಿಟಕಿ ಕಿಟಕಿಯಾಗೇ ಇರ್ತಿತ್ತು."

"ಹೌದಪ್ಪ. ಮೂಗು ಇದ್ದಿದ್ದೂ ನನ್ನಿಂದಲೇ."

ನಗು ಬಂದವರು ಮತ್ತೆ ಕೆಮ್ಮಿದರು. ಗಂಗಾಧರಪ್ಪ ಎದ್ದು, ಯಾರ ಕಡೆಯೂ ನೋಡದೆ, "ಬಿಸಿನೀರು ಕಾಯಿಸೋಕೆ ಒಳಗೆ ಹೇಳಿ" ಎಂದ. ಬಿಸಿನೀರಿನ ಬಟ್ಟೆ ಇಟ್ಟು ಒತ್ತಿದರೆ ಮಂಡಿ ಸಡಿಲವಾಗಬಹುದು, ಆಗದಿದ್ದರೆ ಮುಂದಿನದು. ಎಲ್ಲರಿಗೂ ಅರ್ಥವಾಯಿತು.

ನೀರು ಕಾಯಿಸಲು ಹೇಳಿದ್ದು ಕಲ್ಲಮ್ಮನ ಕಿವಿಗೇ ಬಿತ್ತು. ಅವಳು ಏಳಲಿಲ್ಲ. ಈಶ್ವರಮ್ಮ ಎದ್ದು ಒಲೆ ಹಚ್ಚಿದಳು.

*

ಷಡಕ್ಷರಪ್ಪ ಒಮ್ಮೆ ಹೊರಟಿದ್ದ.

ಕಿಟಕಿ ಮುಚ್ಚಿದ ಮೇಲೂ ಅವನು ಬರೆಯುವುದನ್ನು ಬಿಟ್ಟಿರಲಿಲ್ಲ. ಹಗಲು ಅಂಗಡಿಯಲ್ಲಿ ಬೇಳೆ ತೂಗುವುದು, ಮಿಕ್ಕ ಹೊತ್ತು ಅಟ್ಟದಲ್ಲಿ ದೀಪ ಹಚ್ಚಿಕೊಂಡು ನೆನಪಿನಿಂದ ಬರೆಯುವುದು. ಶಂಕರನಾರಾಯಣ ಅದನ್ನು ಹೆಸರಿಲ್ಲದೆ ಹಾಕುತ್ತಿದ್ದ. ಕೊನೆಗೊಮ್ಮೆ ಅವನು, "ಪ್ರೆಸ್ಸಿನ ಮೇಲೆ ಒಂದು ರೂಮು ಖಾಲಿ ಇದೆ. ಹೆಂಡ್ತಿ ಕರ್ಕೊಂಡು ಬಂದುಬಿಡು" ಎಂದ. ಷಡಕ್ಷರಪ್ಪ ಒಂದು ಟ್ರಂಕು ತುಂಬಿಕೊಂಡು ಕಲ್ಲಮ್ಮನನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದ. ಅವಳು ಹೊಸ ಸೀರೆ ಉಟ್ಟಿದ್ದಳು.

ಬಸ್ಸು ಬರುವ ಮೊದಲು ಗಂಗಾಧರಪ್ಪ ಬಂದ. ಕೂಗಾಡಲಿಲ್ಲ. ರುಮಾಲು ತೆಗೆದು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡ. ಬಗ್ಗಿ ಟ್ರಂಕು ಎತ್ತಿ ಅದರ ಮೇಲಿಟ್ಟುಕೊಂಡ. ಹೊರಟ. ಓಲ್ಡ್ ಟೌನಿಗೇ ದೊಡ್ಡ ದಿನಸಿ ವ್ಯಾಪಾರಿ, ಯಾವತ್ತೂ ಕೈಯಲ್ಲಿ ಕೊಡೆಯನ್ನೂ ಹಿಡಿಯದವನು, ನಡುಬೀದಿಯಲ್ಲಿ ಹಮಾಲನ ಹಾಗೆ ತಮ್ಮನ ಟ್ರಂಕು ಹೊತ್ತು ಮನೆಯ ಕಡೆ ನಡೆದ. ಅಂಗಡಿಯವರೆಲ್ಲ ಎದ್ದು ನಿಂತರು.

"ಅಣ್ಣಾ, ಇಳಿಸು. ಅಣ್ಣಾ" ಎನ್ನುತ್ತ ಷಡಕ್ಷರಪ್ಪ ಹಿಂದೆ ಓಡಿದ. ಕಲ್ಲಮ್ಮ ಅವನ ಹಿಂದೆ. ಗಂಗಾಧರಪ್ಪ ಟ್ರಂಕು ಇಳಿಸಿದ್ದು ಮನೆಯ ನಡುಮನೆಯಲ್ಲಿ. ಆಮೇಲೆ ಆ ಮಾತು ಆ ಮನೆಯಲ್ಲಿ ಎದ್ದಿಲ್ಲ.

ಅಲ್ಲಿಂದ ಮುಂದೆ ಷಡಕ್ಷರಪ್ಪ ಪೂರ್ತಿ ಹಾಡಿಗೆ ಬಿದ್ದ. ಹೂವಪ್ಪನಿಂದ ಏಕತಾರಿ ಕಲಿತ. ಕಬ್ಬಿಣದ ಕಾರ್ಖಾನೆಗೆ ಬಂದಿದ್ದ ಒಬ್ಬ ಜರ್ಮನ್ ಎಂಜಿನಿಯರ್ ತನ್ನ ಹೆಂಡತಿ ಮಕ್ಕಳು ನಾಯಿ ಎಲ್ಲರದೂ ತಮಾಷೆಯ ಚಿತ್ರ ಬರೆಸಿಕೊಂಡು, ಊರಿಗೆ ಹೊರಡುವಾಗ ತನ್ನ ಟೇಪ್ ರೆಕಾರ್ಡರನ್ನು ಇವನಿಗೆ ಬಿಟ್ಟುಹೋದ. ಎರಡು ಚಕ್ರ ತಿರುಗುವ, ಪೆಟ್ಟಿಗೆಯಷ್ಟು ದೊಡ್ಡ ಯಂತ್ರ. ಷಡಕ್ಷರಪ್ಪ ಅಟ್ಟದ ಗೋಡೆಗಳಿಗೆಲ್ಲ ಕಂಬಳಿ ಹೊಡೆದ. ಕಾರ್ಖಾನೆಯ ಸೈರನ್ನು ಕೂಗಿ ಮುಗಿಯುವುದನ್ನು ಕಾದು, ಯಂತ್ರ ತಿರುಗಿಸಿ, ಹಾಡುವವರಿಗೆ ಕೈ ಮಾಡುತ್ತಿದ್ದ. ಬೀಸುವ ಪದ, ಸೋಬಾನೆ, ತತ್ವಪದ. ಗದ್ದೆ ಕೆಲಸದವರು, ಗಾರೆಯವರು, ಸಂತೆಗೆ ಬಂದ ಮುದುಕಿಯರು. ಹಿತ್ತಿಲ ಬಾಗಿಲಿಂದ ಬಂದು, ಬೆವರಲ್ಲಿ ನೆಂದು, ಹಿತ್ತಿಲ ಬಾಗಿಲಿಂದಲೇ ಹೋಗುತ್ತಿದ್ದರು. ಗಂಗಾಧರಪ್ಪನಿಗೆ ಗೊತ್ತಿತ್ತು. ಬೀದಿಗೆ ಕಾಣದಿದ್ದರೆ ಅವನ ತಕರಾರಿಲ್ಲ.

ಶಂಕರನಾರಾಯಣ ಮತ್ತೊಮ್ಮೆ ಕರೆದಾಗ ಷಡಕ್ಷರಪ್ಪ ಬೇಡವೆಂದ.

"ಸವಳಂಗ ರಸ್ತೇಲಿ ಗಾಡಿ ಸದ್ದು ಮಾರಾಯ. ಇಲ್ಲಿ ಗೋಡೆ ಚೆನ್ನಾಗಿದೆ. ಅಣ್ಣ ನನಗೆ ಸ್ಟುಡಿಯೋ ಕಟ್ಟಿಸಿಕೊಟ್ಟಿದಾನೆ."

"ಥೂ ನಿನ್ನ. ಜೈಲಿಗೆ ನೀನೇ ಕಂಬಳಿ ಹೊದಿಸ್ಕೊಂಡು ಕೂತಿದೀಯ" ಎಂದು ಶಂಕರನಾರಾಯಣ ಬೈದು ಹೋದ. ಆರು ತಿಂಗಳು ಮಾತು ಬಿಟ್ಟಿದ್ದ.

ಕಲ್ಲಮ್ಮ ಅಟ್ಟದಲ್ಲಿ ಹಾಡು ನಡೆಯುವಾಗ ಏಣಿಯ ಬುಡದಲ್ಲಿ ಅಕ್ಕಿ ಆರಿಸುತ್ತ ಕೂರುತ್ತಿದ್ದಳು. ಅವಳಿಗೂ ಹಾಡು ಬರುತ್ತಿತ್ತು. ತಾಯಿಯಿಂದ ಕಲಿತದ್ದು. ಒಂದು ಮಧ್ಯಾಹ್ನ ಷಡಕ್ಷರಪ್ಪ ಅವಳನ್ನು ಮೇಲೆ ಕರೆದು ಯಂತ್ರದ ಮುಂದೆ ಕೂರಿಸಿದ.

"ಹಾಡೇ."

"ಕೆಳಗೆ ಭಾವ ಇದಾರೆ."

"ಈ ಗೋಡೆ ದಾಟಿ ಒಂದು ಸೊಲ್ಲು ಹೋಗಲ್ಲ. ಹಾಡು."

ಚಕ್ರ ತಿರುಗಿತು. ಅವಳು ಬಾಯಿ ತೆರೆದಳು. ಧ್ವನಿ ಬರಲಿಲ್ಲ. ಸೆಕೆ, ಕಂಬಳಿಯ ವಾಸನೆ, ಕತ್ತಲು. "ನನಗೆ ಉಸಿರು ಕಟ್ಟತ್ತೆ ರೀ ಇಲ್ಲಿ. ನಿಮಗೆ ಕಟ್ಟಲ್ವಾ?" ಎಂದಳು.

ಅವನು ಯಂತ್ರ ನಿಲ್ಲಿಸಿದ.

"ಮೊದಮೊದಲು ಕಟ್ಟತಿತ್ತು" ಎಂದ.

*

ಜಂಬಣ್ಣ ಕೊನೆಗೂ ಅಟ್ಟ ಹತ್ತಿದ್ದ. ಬಿಸಿನೀರಿನಲ್ಲಿ ಅದ್ದಿದ ಟವೆಲನ್ನು ಮಂಡಿಗೆ ಸುತ್ತಿದ್ದರು. ನೆಂಟರಿಬ್ಬರು ಹೆಣದ ಭುಜ ಹಿಡಿದಿದ್ದರು. ಜಂಬಣ್ಣ ಎರಡೂ ಕೈಯಿಂದ ಬಲಮಂಡಿ ಒತ್ತಿದ. ಅಲುಗಲಿಲ್ಲ. ಪಂಚೆ ಎತ್ತಿಕಟ್ಟಿ, ತನ್ನ ಮೊಣಕಾಲನ್ನು ಅದರ ಮೇಲೂರಿ, ಮೈಭಾರ ಬಿಟ್ಟು ಒತ್ತಿದ. ಒಣಕಟ್ಟಿಗೆ ಬಾಗಿಸಿದಾಗ ಬರುವಂಥ ಒಂದು ಸದ್ದು ಬಂತು.

ಆ ಸದ್ದು ಕೆಳಗೂ ಕೇಳಿಸಿತು.

ಕಲ್ಲಮ್ಮ ಎದ್ದಳು. ಯಾರೋ ಸೆರಗು ಹಿಡಿದರು, ಬಿಡಿಸಿಕೊಂಡಳು. ಅಂಗಳದಲ್ಲಿ ಗಂಡಸರ ನಡುವೆ ಹಾದು, ಗಂಗಾಧರಪ್ಪನ ಪಕ್ಕದಲ್ಲೇ ಹಾದು, ಏಣಿ ಹತ್ತಿದಳು. ಜಂಬಣ್ಣನ ಹೆಗಲಿಗೆ ಕೈಹಾಕಿ ಪಕ್ಕಕ್ಕೆ ನೂಕಿದಳು. ಗಂಡನ ಎದುರಿಗೆ ಕೂತು, ಎರಡು ಮಂಡಿಯ ಮೇಲೂ ತನ್ನ ಎರಡು ಕೈ ಇಟ್ಟಳು.

"ಮುಟ್ಟೋನು ಮೊದಲು ನನ್ನ ಕೈ ಮುರೀಲಿ."

"ತಂಗೀ, ಹೊತ್ತು ಹೋಗ್ತಾ ಇದೆ..."

"ನಿನ್ನ ಹತ್ರ ನಾನು ಮಾತಾಡ್ತಿಲ್ಲ, ಇಳಿ ಕೆಳಗೆ."

ಜಂಬಣ್ಣ ಇಳಿದ. ಆಮೇಲೆ ಗಂಗಾಧರಪ್ಪ ಏಣಿ ಹತ್ತಿ ಬಂದ. ಅವನ ತಲೆ ಮಾತ್ರ ಕಂಡಿಯಿಂದ ಮೇಲೆ ಕಾಣುತ್ತಿತ್ತು. ಕಲ್ಲಮ್ಮ ಸೆರಗು ಎಳೆದುಕೊಳ್ಳಲಿಲ್ಲ. ಅವನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅವಳಿಗೆ ಅದೇ ಮೊದಲು. ಚಿತ್ರದಲ್ಲಿದ್ದುದಕ್ಕಿಂತ ಮುದುಕನಾಗಿದ್ದ. ಅತ್ತಿದ್ದ ಹಾಗಿತ್ತು.

"ಕಿಟಕಿ ಒಡೆಸಿ ಭಾವ" ಎಂದಳು.

ಅವಳ ಧ್ವನಿ ಅವಳಿಗೇ ಹೊಸದಾಗಿ ಕೇಳಿಸಿತು.

ಗಂಗಾಧರಪ್ಪ ಅವಳಿಂದ ಕಣ್ಣು ತೆಗೆದ. ಅಟ್ಟದ ಮೂಲೆಯಲ್ಲಿದ್ದ ಹೂವಪ್ಪನ ಕಡೆ ತಿರುಗಿ, "ಹೆಂಗಸರನ್ನ ಕೆಳಗೆ ಇಳಿಸು" ಎಂದ.

ಹೂವಪ್ಪ ಅಲುಗಲಿಲ್ಲ.

"ಕೇಳಿಸ್ಲಿಲ್ವೇನೋ?"

"ಕೇಳಿಸ್ತು ಯಜಮಾನ್ರೆ. ಅವ್ರು ಇಳಿಯಲ್ಲ" ಎಂದ ಹೂವಪ್ಪ.

"ನಾನು ಇಲ್ಲೇ ಕೂತಿರ್ತೀನಿ" ಎಂದಳು ಕಲ್ಲಮ್ಮ. "ನಾಳೆಯೂ ಕೂತಿರ್ತೀನಿ, ನಾಡಿದ್ದೂ ಕೂತಿರ್ತೀನಿ. ವಾಸನೆ ಬೀದಿಗೆ ಬರತ್ತೆ. ಅದು ಗೋಡೆ ಒಳಗೆ ನಿಲ್ಲಲ್ಲ. ಬಸ್ ಸ್ಟ್ಯಾಂಡಿಂದ ಬಾಯ್ಮುಚ್ಕೊಂಡು ವಾಪಸ್ ಬಂದೆ. ಇಷ್ಟು ವರ್ಷ ಬಾಯ್ಮುಚ್ಕೊಂಡೇ ಇದೀನಿ. ಇವರ ಕಾಲು ಮುರಿಯೋದು ಬೇಡ ಭಾವ. ಇದ್ದಾಗ ಮುರಿದಿದ್ದು ಸಾಕು."

ಗಂಗಾಧರಪ್ಪನ ತಲೆ ಕಂಡಿಯಲ್ಲಿ ಹಾಗೇ ನಿಂತಿತ್ತು. ಅವನು ತಮ್ಮನನ್ನು ನೋಡುತ್ತಿದ್ದ. ಒದ್ದೆ ಟವೆಲು ಸುತ್ತಿದ ಮಂಡಿ ನೋಡಿದ. ಜಂಬಣ್ಣ ಒತ್ತಿದ ಕಡೆ ಚರ್ಮ ತರಚಿತ್ತು, ರಕ್ತ ಮಾತ್ರ ಬಂದಿರಲಿಲ್ಲ.

"ಒಡಿ" ಎಂದ ಹೂವಪ್ಪನಿಗೆ. ಎರಡು ಮೆಟ್ಟಿಲು ಇಳಿದು ನಿಂತು, "ಮಣ್ಣು ಮಾಡೋಕೆ ನೀನು ಬರೋದು ಬೇಡ. ನಾವು ವಾಪಸ್ ಬರೋದ್ರೊಳಗೆ ಮತ್ತೆ ಕಟ್ಟಿರಬೇಕು" ಎಂದ.

*

ಹೂವಪ್ಪ ಹಾರೆ ತಂದ. ಕಂಬಳಿ ಕಿತ್ತ. ಎರಡನೇ ಏಟಿಗೇ ಒಂದು ಇಟ್ಟಿಗೆ ಬಂತು.

"ಇಷ್ಟು ಸುಲಭಾನಾ?" ಎಂದ ಶಂಕರನಾರಾಯಣ.

"ಬರೀ ಮಣ್ಣಲ್ಲಿ ಕಟ್ಟಿದ್ದು ಸ್ವಾಮಿ. ಗಾರೆಗೆ ಕೊಡಲಿಲ್ಲ ಯಜಮಾನ್ರು. ಒಳಗಿದ್ದೋರು ಒಂದ್ಸಲ ಜೋರಾಗಿ ಒದ್ದಿದ್ರೂ ಬೀಳ್ತಿತ್ತು."

ಶಂಕರನಾರಾಯಣ ಗೆಳೆಯನ ಕಡೆ ತಿರುಗಿ ನೋಡಿದ.

ಹೂವಪ್ಪ ಇಟ್ಟಿಗೆಗಳನ್ನು ಬಿಸಾಡಲಿಲ್ಲ. ಒಂದೊಂದನ್ನೇ ಬಿಡಿಸಿ ಮಣ್ಣು ಉಜ್ಜಿ ಗೋಡೆಯ ಬುಡದಲ್ಲಿ ಸಾಲಾಗಿ ಪೇರಿಸುತ್ತ ಹೋದ. ಸಂಜೆ ಮತ್ತೆ ಬೇಕಿತ್ತಲ್ಲ. ಕಲ್ಲಮ್ಮ ಅದನ್ನು ನೋಡುತ್ತ ಕೂತಿದ್ದಳು. ಕೈ ಮಂಡಿಯ ಮೇಲೇ ಇತ್ತು. ಬೆಳಕು ಬಂದು ಮೊದಲು ಷಡಕ್ಷರಪ್ಪನ ತಲೆಯ ಮೇಲೆ ಬಿತ್ತು. ಆಮೇಲೆ ಹಣೆ, ಎದೆ, ಅಂಗೈಯಲ್ಲಿದ್ದ ಲಿಂಗ. ಅವನ ತಲೆ ಇಷ್ಟು ನೆರೆತಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಗಾಳಿ ಬಂತು. ಬೀದಿಯ ಸದ್ದು ಬಂತು: ಸೈಕಲ್ಲಿನ ಗಂಟೆ, ಯಾವುದೋ ಹೆಂಗಸು ಮಕ್ಕಳನ್ನು ಒಳಗೆ ಕರೆಯುತ್ತಿದ್ದದ್ದು, "ಅಲ್ನೋಡ್ರೋ, ಅಟ್ಟದ ಕಿಟಕಿ!" ಎಂದು ಯಾರೋ ಕೂಗಿದ್ದು.

ಅಂಗಡಿಯಿಂದ ಒಂದು ಕುರ್ಚಿ ತಂದು, ಹೆಣವನ್ನು ಹಲಗೆ ಸಮೇತ ಕುರ್ಚಿಗೆ ಬಿಗಿದರು. ಕೆಳಗೆ ಹಿಡಿದುಕೊಳ್ಳಲು ಜನ ಬೇಕೆಂದು ನೆಂಟರಿಬ್ಬರೂ ಇಳಿದರು. ಮೂಟೆ ಏರಿಸುವ ಹಗ್ಗವನ್ನು ತೊಲೆಗೆ ಒಂದು ಸುತ್ತು ಸುತ್ತಿ, ತುದಿಯನ್ನು ಹೂವಪ್ಪ ಹಿಡಿದ, ಅವನ ಹಿಂದೆ ಶಂಕರನಾರಾಯಣ ಹಿಡಿದ. ಅವನ ಹಿಂದೆ ಕಲ್ಲಮ್ಮ ಹೋಗಿ ಹಗ್ಗ ಹಿಡಿದಳು. ಬೇಡವೆನ್ನಲು ಅಲ್ಲಿ ಯಾರೂ ಉಳಿದಿರಲಿಲ್ಲ.

ಕುರ್ಚಿ ಕಿಟಕಿಯ ಅಂಚಿಗೆ ಒಮ್ಮೆ ತಾಗಿ ಆಚೆ ಹೋಯಿತು. ಷಡಕ್ಷರಪ್ಪ ಬೀದಿಯ ಮೇಲೆ ಗಾಳಿಯಲ್ಲಿ ಕೂತ.

ಅದೇ ಹೊತ್ತಿಗೆ ಶಿವಮೊಗ್ಗದ ಬಸ್ಸು ಬಂತು. ಜನ ಬೀದಿ ತುಂಬ ನಿಂತಿದ್ದರಿಂದ ಮುಂದೆ ಹೋಗಲಾಗಲಿಲ್ಲ. ಡ್ರೈವರ್ ತಲೆ ಹೊರಗೆ ಹಾಕಿ ನೋಡಿ ಎಂಜಿನ್ ನಿಲ್ಲಿಸಿದ. ಹಗ್ಗದ ಹುರಿಗೆ ಕುರ್ಚಿ ಮೆಲ್ಲಗೆ ತಿರುಗತೊಡಗಿತು. ಷಡಕ್ಷರಪ್ಪನ ಮುಖ ಎದುರಿನ ಬಟ್ಟೆ ಅಂಗಡಿಯ ಕಡೆ ತಿರುಗಿತು, ಅಲ್ಲಿದ್ದವರು ಕೈಮುಗಿದರು. ಬಸ್ಸಿನ ಕಡೆ ತಿರುಗಿತು, ಕಿಟಕಿ ಕಿಟಕಿಯಲ್ಲೂ ಕೈ ಮುಗಿದರು. ಒಬ್ಬರೂ ನಗಲಿಲ್ಲ.

ಹಗ್ಗ ಇಳಿದ ಹಾಗೆ ಕಲ್ಲಮ್ಮ ಅದನ್ನು ಬಿಡದೆ ಒಂದೊಂದೇ ಹೆಜ್ಜೆ ಕಿಟಕಿಯ ಕಡೆಗೆ ಬಂದಳು. ಬೀದಿಗೆಲ್ಲ ಕಾಣುವ ಹಾಗೆ ನಿಂತಳು. ಸೆರಗು ಜಾರಿ ಹೆಗಲ ಮೇಲಿತ್ತು, ತಲೆಯ ತುಂಬ ಇಟ್ಟಿಗೆಯ ಧೂಳು.

ಕೆಳಗೆ ಗಂಗಾಧರಪ್ಪ ಎಲ್ಲರನ್ನೂ ಸರಿಸಿ ಮುಂದೆ ಬಂದಿದ್ದ. ತಲೆಯ ಮೇಲೆ ರುಮಾಲಿರಲಿಲ್ಲ. ಎರಡೂ ಕೈ ಮೇಲೆತ್ತಿ, ಕತ್ತೆತ್ತಿ ನಿಂತಿದ್ದ. ಕುರ್ಚಿ ಇಳಿದಿಳಿದು ಬಂದು ತಮ್ಮನ ಮಂಡಿಗಳು ಅವನ ಅಂಗೈಗೆ ಸಿಕ್ಕವು. ಅವನು ಮೇಲೆ ನೋಡಿದ. ಕಿಟಕಿಯಲ್ಲಿ ಅವಳಿದ್ದಳು.

"ಬಿಡಮ್ಮ" ಎಂದ. "ಸಿಕ್ಕಿದ. ನಾನು ಹಿಡ್ಕೊಂಡಿದೀನಿ. ಬಿಡು ಇನ್ನು."

ಹೂವಪ್ಪ ಹಗ್ಗ ಬಿಟ್ಟ. ಶಂಕರನಾರಾಯಣ ಬಿಟ್ಟ. ಕುರ್ಚಿಯ ಹಿಂದಿನ ಎರಡು ಕಾಲು ನೆಲ ಮುಟ್ಟಿದ್ದವು, ಮುಂದಿನವೆರಡು ಇನ್ನೂ ಒಂದು ಗೇಣು ಮೇಲಿದ್ದವು. ಗಂಗಾಧರಪ್ಪ ಕೈ ಚಾಚಿಕೊಂಡೇ ನಿಂತಿದ್ದ, ಬಸ್ಸು ನಿಂತೇ ಇತ್ತು. ಕಿಟಕಿಯಲ್ಲಿ ಕಲ್ಲಮ್ಮನ ಕೈಯಿಂದ ಬೀದಿಯವರೆಗೆ ಹಗ್ಗ ಬಿಗಿಯಾಗಿಯೇ ಇತ್ತು.